ಲಿಂಗರಾಜು ಮೇಷ್ಟ್ರ ಆನ್‌ಲೈನ್ ಜಲಚಕ್ರ

ಎಚ್.ಡಿ. ಕೋಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುತ್ತಿದ್ದ ಲಿಂಗರಾಜು ಮೇಷ್ಟ್ರಿಗೆ ಬೀಡಿ ಇಲ್ಲ, ಇಸ್ಪೀಟಿಲ್ಲ, ಸುಳ್ಳು ಹೇಳುವ ಅಭ್ಯಾಸವೂ ಅಷ್ಟಾಗಿ ಇಲ್ಲ. ಅವರಿಗಿದ್ದ ಚಟ ಒಂದೇ, ವಿವರಿಸುವುದು. ಹೋಟೆಲಿನಲ್ಲಿ ಟೀ ಆರಿದ್ದರೆ ಅದು ಯಾಕೆ ಆರಿತೆಂದು ಟೀ ತಂದವನಿಗೇ ವಿವರಿಸುತ್ತಿದ್ದರು. ಕ್ಷೌರದಂಗಡಿಯಲ್ಲಿ ಗಂಟಲ ಮೇಲೆ ಕತ್ತಿ ಆಡುತ್ತಿದ್ದಾಗಲೂ ಸೋಪು ನೊರೆ ಕಟ್ಟುವ ಕಾರಣ ಹೇಳಲು ಹೋಗಿ ಗದ್ದದ ಮೇಲೊಂದು ಗಾಯ ಮಾಡಿಕೊಂಡಿದ್ದರು. ಆ ಗಾಯದ ರಕ್ತ ಹೆಪ್ಪುಗಟ್ಟುವುದು ಹೇಗೆಂಬುದನ್ನೂ ಅಲ್ಲೇ ಕುಳಿತು ಹೇಳಿ ಎದ್ದು ಬಂದರು.

ಇಂಥವರ ಹೆಂಡತಿ ರಾಣಿ, ಆಯುಧಪೂಜೆ ಮುಗಿಸಿ ಹನಗೋಡಿನ ತವರಿಗೆ ಹೋದವಳು, ದೀಪಾವಳಿ ಕಳೆದರೂ ಬರಲಿಲ್ಲ.

ಹೋಗುವ ಮೊದಲಿನ ಭಾನುವಾರ ಇಬ್ಬರೂ ಬೀಚನಹಳ್ಳಿಗೆ ಅಣೆಕಟ್ಟು ನೋಡಲು ಹೋಗಿದ್ದರು. ಕಬಿನಿ ತುಂಬಿತ್ತು. ರಾಣಿ ತುಂಬ ಹೊತ್ತು ನೀರನ್ನೇ ನೋಡಿ, "ರೀ, ನಿಮಗೊಂದ್ ಮಾತು ಹೇಳ್ಬೇಕಿತ್ತು" ಅಂದಳು.

"ಹೇಳುವೆಯಂತೆ. ಮೊದಲು ಆ ಗೇಟು ನೋಡು. ಅದು ಹೇಗೆ ಮೇಲೇಳುತ್ತೆ ಗೊತ್ತಾ?" ಎಂದು ಮೇಷ್ಟ್ರು ಶುರು ಮಾಡಿದರು. ವಾಪಸು ಬರುವ ಬಸ್ಸು ಊರ ಹೊರಗಿನ ಹ್ಯಾಂಡ್‌ಪೋಸ್ಟ್ ವೃತ್ತ ದಾಟುವಾಗ ಅವರಿನ್ನೂ ಟರ್ಬೈನಿನ ಹತ್ತಿರವೇ ಇದ್ದರು. ಮನೆ ಬೀಗ ತೆಗೆಯುವಾಗ ನೆನಪಾಗಿ, "ಏನೋ ಹೇಳ್ಬೇಕು ಅಂದೆಯಲ್ಲ?" ಅಂದರು.

"ಏನಿಲ್ಲ ಬುಡಿ" ಅಂದಳು ರಾಣಿ.

ಅವಳು ಹೋದ ಮೇಲೆ ಮೇಷ್ಟ್ರ ಮನೆಯಲ್ಲಿ ವಿವರಿಸಿಕೊಳ್ಳುವವರು ಯಾರೂ ಉಳಿಯಲಿಲ್ಲ. ಕುಕ್ಕರು ಕೂಗಿದರೆ ಅದರ ಕಾರಣವನ್ನು ಕುಕ್ಕರಿಗೇ ಹೇಳುವಷ್ಟರ ಮಟ್ಟಿಗೆ ಬಂದರು. ಸಾಯಂಕಾಲ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಮರಮ್ಮ ಇವರನ್ನು ಕಂಡೊಡನೆ ಎಂದಿನಂತೆ ಒಂದು ಮೊಳ ಮಲ್ಲಿಗೆ ಅಳೆದು ಕೊಟ್ಟುಬಿಡುತ್ತಿದ್ದಳು. ಹೆಂಡತಿ ಊರಲ್ಲಿಲ್ಲ ಎಂದು ಅವಳಿಗೆ ಹೇಳಲು ಇವರಿಗೆ ಬಾಯಿ ಬರುತ್ತಿರಲಿಲ್ಲ. ಪ್ರಪಂಚದ ಸಕಲವನ್ನೂ ವಿವರಿಸಬಲ್ಲ ಮನುಷ್ಯನಿಗೆ ಅದೊಂದನ್ನು ವಿವರಿಸಲಾಗಲಿಲ್ಲ. ಹೂ ಮನೆಗೆ ಬರುತ್ತಿತ್ತು, ಮೊಳೆಗೆ ನೇತುಬಿದ್ದು ಬಾಡುತ್ತಿತ್ತು. ಹನಗೋಡಿನ ಅಂಗಡಿಯೊಂದಕ್ಕೆ ಫೋನು ಮಾಡಿದರೆ ಮಾವ ಸಣ್ಣಬೀರಯ್ಯ ಬಂದು, "ಚೆಂದಾಗವ್ಳೆ ಕಣ್ರೀ, ಇನ್ನೊಂದಷ್ಟ್ ದಿನ ಇರ್ಲಿ" ಎಂದು ಇಟ್ಟುಬಿಡುತ್ತಿದ್ದರು.

ಇಂತಿರಲು ಹೆಡ್‌ಮಾಸ್ಟರ್ ಷಣ್ಮುಖಪ್ಪನವರು ಒಂದು ದಿನ ಸ್ಟಾಫ್ ರೂಮಿಗೆ ಬಂದು, ಮೈಸೂರಿನ ಒಂದು ಸಂಸ್ಥೆಯವರು ಇಂಟರ್ನೆಟ್ಟಿನಲ್ಲಿ ಪಾಠ ಹಾಕುತ್ತಾರಂತೆ, ಅದನ್ನು ತಯಾರಿಸುವ ತರಬೇತಿಗೆ ಒಬ್ಬರು ಬೇಕಂತೆ, ಕಂಪ್ಯೂಟರ್ ಯಾರಿಗೆ ಬರುತ್ತೆ ಎಂದು ಕೇಳಿದರು. ಎರಡು ಸಾವಿರದ ಆರರಲ್ಲಿ ನಮ್ಮ ಕಡೆಯ ಶಾಲೆಗಳಲ್ಲಿ ಕಂಪ್ಯೂಟರೆಂದರೆ ಹೊದಿಕೆ ಹೊದ್ದು ಬೀರುವಿನ ಪಕ್ಕ ಮಲಗಿರುವ ಪದಾರ್ಥ. ಎಲ್ಲರೂ ಕಿಟಕಿ ನೋಡಿದರು.

"ನಾನು ಆಗಾಗ ಈಮೇಲ್ ಕಳಿಸ್ತಿರ್ತೀನಿ ಸಾರ್" ಅಂದರು ಲಿಂಗರಾಜು ಮೇಷ್ಟ್ರು.

ಈಮೇಲನ್ನು ಟೈಪು ಮಾಡಿ ಕಳಿಸಿದ್ದು ಸೈಬರ್ ಅಂಗಡಿಯ ಸುನೀಲ್ಕುಮಾರ, ಇವರು ಪಕ್ಕದಲ್ಲಿ ಕುಳಿತು ಈಮೇಲ್ ಎಂದರೇನೆಂದು ಅವನಿಗೆ ವಿವರಿಸಿದ್ದರು ಅಷ್ಟೆ. ಖಾಲಿ ಮನೆಯಿಂದ ಕೆಲವು ದಿನ ತಪ್ಪಿಸಿಕೊಂಡರೆ ಸಾಕಾಗಿತ್ತು ಅವರಿಗೆ. ಹೊರಟರು.

ತರಬೇತಿ ಕೊಟ್ಟವನು ಶಶಿ ಎಂಬ ತರುಣ. ಅವನು ಮೊದಲ ದಿನವೇ, "ಸಾರ್, ಇದರಲ್ಲಿ ಮಕ್ಕಳು ನಿಮ್ಮೆದುರು ಇರಲ್ಲ. ಬೇಸರ ಆದರೆ ಒಂದು ಬಟನ್ ಒತ್ತಿ ಹೊರಟುಹೋಗ್ತಾರೆ" ಅಂದ. ಕ್ಲಾಸಿಗೆ ಹೊರಗಿನಿಂದ ಚಿಲಕ ಹಾಕಿಸಿ ಪಾಠ ಮಾಡಿ ಅಭ್ಯಾಸವಿದ್ದ ಮೇಷ್ಟ್ರುಗಳೆಲ್ಲ ಬೆವರಿದರು. ಪಾಠ ಮುಗಿದಾಗ ಮಗುವಿಗೆ ಏನು ಬರಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ ಅಂದ. ಒಂದು ಸಲಕ್ಕೆ ಒಂದೇ ಸಂಗತಿ ಹೇಳಿ ಅಂದ. ಹೇಳಿ ನಿಲ್ಲಿಸಿ, ಒಂದು ಪ್ರಶ್ನೆ ಕೇಳಿ, ಕೇಳಿದ ಮೇಲೆ ಕಾಯಿರಿ ಅಂದ.

"ಯಾರಿಗೆ ಕಾಯೋದು? ಎದುರಿಗೆ ಯಾರೂ ಇರಲ್ಲ ಅಂತ ನೀನೇ ಹೇಳಿದೆಯಲ್ಲಪ್ಪ?" ಅಂದರು ಮೇಷ್ಟ್ರು.

"ಇದ್ದಾರೆ ಅಂದ್ಕೊಂಡು ಕಾಯ್ಬೇಕು ಸಾರ್. ಅವರು ಯೋಚನೆ ಮಾಡೋಕೆ ಜಾಗ ಬಿಡಬೇಕು. ಊರಿಗೆಲ್ಲ ಭಾಷಣ ಮಾಡಿದ ಹಾಗೆ ಮಾತಾಡ್ಬೇಡಿ. ನಿಮಗೆ ಬೇಕಾದವರು ಯಾರದ್ದಾದರೂ ಒಂದು ಫೋಟೋ ಕ್ಯಾಮೆರಾ ಪಕ್ಕ ಅಂಟಿಸಿಕೊಂಡು, ಅವರೊಬ್ಬರ ಜೊತೆ ಮಾತಾಡಿ."

ಮೇಷ್ಟ್ರು ಆ ರಾತ್ರಿ ಲಾಡ್ಜಿನಲ್ಲಿ ತಮ್ಮ ಪರ್ಸು ತೆರೆದು ನೋಡಿದರು. ಅದರಲ್ಲಿ ವಿದ್ಯಾರ್ಥಿಗಳ ಫೋಟೋ ಯಾವುದೂ ಇರಲಿಲ್ಲ. ರಾಣಿಯದೊಂದಿತ್ತು, ರೇಷನ್ ಕಾರ್ಡಿಗೆಂದು ತೆಗೆಸಿದ್ದು, ಏನನ್ನೋ ಹೇಳಲು ಹೊರಟು ನಿಲ್ಲಿಸಿದಂತೆ ತುಟಿ ಸ್ವಲ್ಪ ತೆರೆದಿತ್ತು.

ಊರಿಗೆ ಬಂದವರೇ ಸುನೀಲ್ಕುಮಾರನ ಅಂಗಡಿಯ ಮೂಲೆಯ ಗೂಡು ಹಿಡಿದರು. ಮುಂದೆ ಜೆರಾಕ್ಸ್ ಮೆಷಿನ್ನು, ಹಿಂದೆ ಪ್ಲೈವುಡ್ ಹಲಗೆಯಲ್ಲಿ ಮಾಡಿದ ಸಣ್ಣ ಸಣ್ಣ ಗೂಡುಗಳು, ಒಂದೊಂದರಲ್ಲೂ ಒಂದು ಕಂಪ್ಯೂಟರು. ಕ್ಯಾಮೆರಾದ ಪಕ್ಕದ ಹಲಗೆಗೆ ಮೊಳೆ ಹೊಡೆದು ರಾಣಿಯ ಫೋಟೋ ನಿಲ್ಲಿಸಿದರು. ಕೈಯಲ್ಲಿದ್ದ ಮಲ್ಲಿಗೆಯನ್ನು ಎಲ್ಲಿಡಬೇಕೆಂದು ತೋಚದೆ, ಮೊಳೆ ಕಂಡಲ್ಲಿ ಹೂ ಹಾಕುವ ಅಭ್ಯಾಸದಿಂದ, ಅದೇ ಮೊಳೆಗೆ ಹಾಕಿದರು. ಪಾಠದ ವಿಷಯ ಜಲಚಕ್ರ. ಸುನೀಲ್ಕುಮಾರ ಬಟನ್ ಒತ್ತಿ ಹೊರಗೆ ಹೋದ.

ಆ ಹೊತ್ತಿಗೆ ಸರಿಯಾಗಿ ಮೇಷ್ಟ್ರ ಪಕ್ಕದ ಮನೆಯ ವೀರಮ್ಮ ಪಹಣಿ ಜೆರಾಕ್ಸ್ ಮಾಡಿಸಲು ಬಂದಳು. ಹಲಗೆಯ ಆಚೆಯಿಂದ ಗುರುತಿನ ಗಂಟಲು ಕೇಳಿಸಿತು.

"ಹೇಳು, ಯಾಕೆ ಹೋಯಿತು? ನೀನೇ ಹೇಳು. ಅವಸರ ಇಲ್ಲ. ನಾನು ಕಾಯ್ತೀನಿ."

ಆಮೇಲೆ ಸದ್ದಿಲ್ಲ. ವೀರಮ್ಮನಿಗೆ ಈ ಮನುಷ್ಯ ಮಾತು ನಿಲ್ಲಿಸಿದ್ದೇ ಮೊದಲ ಅನುಮಾನ. ಕಿವಿ ಹಲಗೆಗೆ ಹತ್ತಿರ ತಂದಳು.

"ಭೇಷ್! ನನಗೊತ್ತಿತ್ತು ನೀನು ಹೇಳ್ತೀಯ ಅಂತ."

ವೀರಮ್ಮ ಪಹಣಿಯನ್ನು ಮೆಷಿನ್ನಿನಲ್ಲೇ ಬಿಟ್ಟು ಸುನೀಲ್ಕುಮಾರನ ತೋಳು ಹಿಡಿದಳು. "ಒಳಗ್ಯಾರ್ಲಾ ಇರೋದು?"

"ಮೇಷ್ಟ್ರು ಕಣಮ್ಮ."

"ಅವ್ರು ಗೊತ್ತು. ಜೊತೇಲಿ?"

"ಜೊತೇಲಿ ಯಾರೂ ಇಲ್ಲ. ಅವ್ರು ಆನ್‌ಲೈನಲ್ಲವ್ರೆ."

ವೀರಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಊಹೆ ಚೆನ್ನಾಗಿ ಬರುತ್ತಿತ್ತು. ಆ ಸಾಯಂಕಾಲ ಅವಳು ಬೋಂಡದಂಗಡಿಯ ಮುಂದೆ, "ಆನ್‌ಲೈನ್ ಅಂತ ಒಬ್ಳವ್ಳಂತೆ ಕಣ್ರವ್ವ. ಮೈಸೂರಿಗೋದಾಗ ಸಿಕ್ಕಿದ್ದಂತೆ" ಅಂದಳು. ಬೋಂಡ ಎಣ್ಣೆಯಿಂದ ಮೇಲೆ ಬರುವುದರೊಳಗೆ ಆ ಆನ್‌ಲೈನ್ ಕೇರಳದ ಕಡೆಯ ನರ್ಸಾಗಿದ್ದಳು. ಮಾರನೆಯ ದಿನ ಹ್ಯಾಂಡ್‌ಪೋಸ್ಟಿನಲ್ಲಿ ಅವಳಿಗೆ ಗುಂಗುರು ಕೂದಲು ಬಂತು. ಅಂಗಡಿಗೆ ಹಿಂದಿನ ಬಾಗಿಲು ಇಲ್ಲವಲ್ಲ, ಅವಳು ಬರುವುದು ಹೋಗುವುದು ಹೇಗೆ ಎಂದು ಯಾರೋ ಕೇಳಿದ್ದಕ್ಕೆ, ಅದೇ ಅವಳ ಚಾಲಾಕಿತನ ಎಂದು ತೀರ್ಮಾನವಾಯಿತು.

ಮೇಷ್ಟ್ರಿಗೆ ಇದರ ಗಾಳಿಯೂ ಸೋಕಲಿಲ್ಲ. ದಿನವೂ ಶಾಲೆ ಬಿಟ್ಟ ಮೇಲೆ ತಲೆ ಬಾಚಿ, ಹೊಸ ಮಲ್ಲಿಗೆ ಹಿಡಿದು ಅಂಗಡಿಗೆ ಹೋಗುತ್ತಿದ್ದರು. ಒಂದೊಂದು ತುಣುಕನ್ನೂ ಮತ್ತೆ ಮತ್ತೆ ಹೇಳುತ್ತಿದ್ದರು. ಕೇಳಿ ಕಾಯುವುದು ಅವರಿಗೆ ಮೊದಮೊದಲು ಉಸಿರು ಕಟ್ಟಿದಂತಾಗುತ್ತಿತ್ತು. ಫೋಟೋ ನೋಡುತ್ತ ಕುಳಿತರೆ ನಿಧಾನವಾಗಿ ಅದು ಸರಿಹೋಗುತ್ತಿತ್ತು. ಇಷ್ಟು ಹೊತ್ತು ಅವಳ ಮುಖವನ್ನು ಸುಮ್ಮನೆ ನೋಡಿದ್ದು ಇದೇ ಮೊದಲೇನೋ ಅನ್ನಿಸಿ, ಯಾಕೆ ಹಾಗನ್ನಿಸಿತೆಂದು ಗೊತ್ತಾಗದೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಷಣ್ಮುಖಪ್ಪನವರು ಒಂದು ದಿನ ಅವರನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

"ಲಿಂಗರಾಜು, ಸೈಬರ್ ಅಂಗಡೀಲಿ ಏನೋ ನಡೀತಿದೆಯಂತೆ. ಊರೆಲ್ಲ ಅದೇ ಮಾತು."

ಮೇಷ್ಟ್ರ ಮುಖ ಅರಳಿತು. "ಊರಿಗೆಲ್ಲ ಗೊತ್ತಾಯ್ತಾ ಸಾರ್? ಮುಗಿದ ಮೇಲೆ ಹೇಳೋಣ ಅಂತಿದ್ದೆ."

"ಮುಗಿದ ಮೇಲಾ?"

"ಹೂಂ ಸಾರ್. ಇದೊಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕೋಣ ಅಂತ."

"ಇನ್ನೊಂದು ಬೇರೆ! ಮನೆಯೋರಿಗೆ ಗೊತ್ತಾದ್ರೆ ಏನ್ರೀ ಗತಿ?"

"ಅವಳು ನೋಡಲಿ ಅಂತಾನೇ ಸಾರ್ ನನ್ನ ಆಸೆ. ನಮ್ಮ ಶಾಲೆಯ ಎಲ್ಲಾ ಮೇಷ್ಟ್ರೂ ಹೀಗೇ ಮಾಡೋದಾದರೆ ಮಕ್ಕಳಿಗೆಷ್ಟು ಅನುಕೂಲ!"

ಷಣ್ಮುಖಪ್ಪನವರು ಮೇಜಿನ ಮೇಲಿದ್ದ ನೀರು ಕುಡಿದರು. ತಾವು ಕಳಿಸಿದ ತರಬೇತಿ ಮೈಸೂರಿನಲ್ಲಿ ಯಾವ ಜಾಗದಲ್ಲಿ ನಡೆಯಿತೆಂದು ವಿಚಾರಿಸಬೇಕೆಂದುಕೊಂಡರು. ವಿಚಾರಿಸಲು ಧೈರ್ಯ ಬರಲಿಲ್ಲ.

ವೀರಮ್ಮ ಹನಗೋಡಿಗೆ ಫೋನು ಮಾಡಿದಳು. ಮೇಷ್ಟ್ರ ಅತ್ತೆ ಮಲ್ಲಾಜಮ್ಮ, ಮಾವ ಸಣ್ಣಬೀರಯ್ಯ ಬೆಳಗಿನ ಬಸ್ಸು ಹತ್ತಿ, ಹುಣಸೂರಿನಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನಕ್ಕೆ ಕೋಟೆಯಲ್ಲಿ ಇಳಿದರು. ರಾಣಿ ಬರಲಿಲ್ಲ. "ನೋಡ್ಕಂಡ್ ಬನ್ನಿ" ಅಂದಳಂತೆ ಅಷ್ಟೇ. ಸಾಯಂಕಾಲ ಮೇಷ್ಟ್ರು ಗೂಡು ಸೇರುವುದನ್ನೇ ಕಾದಿದ್ದು ವೀರಮ್ಮ ಮುಂದೆ, ಅತ್ತೆ ಮಾವ ಹಿಂದೆ, ಬೋಂಡದಂಗಡಿಯ ಮುಂದಿದ್ದವರೆಲ್ಲ ಅವರ ಹಿಂದೆ, ಮೆರವಣಿಗೆಯಂತೆ ಸುನೀಲ್ಕುಮಾರನ ಅಂಗಡಿಗೆ ನುಗ್ಗಿದರು. ಷಣ್ಮುಖಪ್ಪನವರು, ತಾವು ಪೆನ್ನಿನ ರೀಫಿಲ್ ತಗೊಳ್ಳಲು ಬಂದವರೆಂಬಂತೆ, ಬಾಗಿಲಲ್ಲಿ ನಿಂತರು.

ಒಳಗಿನಿಂದ ಮಾತು ಬರುತ್ತಿತ್ತು. "ಹೋದದ್ದು ನಾಶವಾಗಲಿಲ್ಲ. ಎಲ್ಲೋ ಇದೆ. ಒಂದು ದಿನ ಬರುತ್ತದೆ. ಹೇಳು, ಅದು ತಿರುಗಿ ಬರಬೇಕಾದರೆ ಏನಾಗಬೇಕು?"

"ಏನಾಗ್ಬೇಕಾ?" ಎಂದು ಮಲ್ಲಾಜಮ್ಮ ಹಲಗೆಯ ಬಾಗಿಲನ್ನು ಜಾಡಿಸಿದರು. "ಈಚಿಗ್ ಬಾರೇ, ಯಾರೇ ನೀನು! ಏನಾಗ್ಬೇಕು ಅಂತ ನಾನ್ ಹೇಳ್ತೀನಿ!"

ಒಳಗೆ ಮೇಷ್ಟ್ರೊಬ್ಬರೇ ಇದ್ದರು. ಮಲ್ಲಾಜಮ್ಮ ಮೇಜಿನ ಕೆಳಗೆ ಬಗ್ಗಿ ನೋಡಿದರು. ಅಲ್ಲಿ ವೈರುಗಳ ಗಂಟಿತ್ತು. ಎದ್ದು ನಿಂತಾಗ ಕಣ್ಣೆದುರಿಗೆ ಹಲಗೆ, ಹಲಗೆಯ ಮೇಲೆ ಮಗಳ ಫೋಟೋ, ಫೋಟೋಗೆ ಹೂವು.

ಆ ಹೆಂಗಸು ಎದೆ ಬಡಿದುಕೊಂಡರು. ಕೂಗು ಹ್ಯಾಂಡ್‌ಪೋಸ್ಟಿನವರೆಗೂ ಕೇಳಿಸಿತು.

"ಅಯ್ಯಯ್ಯೋ! ಬದ್ಕಿರೋ ನನ್ ಮಗ್ಳು ಫೋಟೋನ ಗೋಡೆಗೊಡ್ದು ಹೂವಾಕವ್ನಲ್ಲಪ್ಪೋ!"

"ಮಾಟ ಕಣ್ರವ್ವ!" ಅಂದಳು ವೀರಮ್ಮ. ಕೇರಳದ ನರ್ಸಿನ ಕಥೆ ಕೈಬಿಟ್ಟುಹೋಯಿತಲ್ಲ ಎಂಬ ಅವಳ ದುಃಖಕ್ಕೆ ಇದರಿಂದ ಸ್ವಲ್ಪ ಸಮಾಧಾನವಾಯಿತು. "ದಿನಾ ಅದ್ರ ಮುಂದೆ ಕೂತ್ಕಂಡು ಏನೇನೋ ಜಪ ಮಾಡ್ತಾ ಇರೋರು. ಈ ಕಿವೀಲೇ ಕೇಳಿವ್ನಿ."

"ಅತ್ತೆ, ಇದು ತರಬೇತಿಯ ನಿಯಮ. ನಮಗೆ ಬೇಕಾದವರ ಫೋಟೋ..." ಎಂದು ಮೇಷ್ಟ್ರು ಶುರು ಮಾಡಿದರು. ಸಣ್ಣಬೀರಯ್ಯ ಕೈಯೆತ್ತಿದರು. "ನೀವ್ ಸುಮ್ಕಿರಿ. ನೀವು ಹೇಳಕ್ ಸುರು ಮಾಡುದ್ರೆ ನಮ್ಗೆ ಬಸ್ಸು ತಪ್ಪೋಯ್ತದೆ."

ಸುನೀಲ್ಕುಮಾರನಿಗೆ ತನ್ನ ಅಂಗಡಿಗೆ ಮಾಟದ ಹೆಸರು ಬರುವ ಹೆದರಿಕೆ ಹತ್ತಿತು. "ಯಾಕ್ ಕಿತ್ತಾಡ್ತೀರಿ? ಎಲ್ಲಾ ರೆಕಾರ್ಡಾಗದೆ, ನೀವೇ ನೋಡ್ರಿ" ಎಂದು ಮೌಸ್ ಒತ್ತಿದ.

ಪರದೆಯ ಮೇಲೆ ಲಿಂಗರಾಜು ಮೇಷ್ಟ್ರು ಮೂಡಿದರು. ನೇರವಾಗಿ ನೋಡಿದರು.

"ಇವತ್ತು ನಿನಗೆ ಒಂದೇ ಸಂಗತಿ ಹೇಳ್ತೀನಿ. ತಟ್ಟೆಯಲ್ಲಿ ನೀರಿತ್ತು. ಆಮೇಲೆ ನೋಡಿದೆ, ಇರಲಿಲ್ಲ. ಯಾರೂ ಚೆಲ್ಲಲಿಲ್ಲ, ಯಾರೂ ಕುಡಿಯಲಿಲ್ಲ. ಸದ್ದಿಲ್ಲದೆ ಹೋಗಿಬಿಟ್ಟಿತ್ತು. ಪಕ್ಕದಲ್ಲೇ ಇದ್ದೆ, ನನಗೇ ಗೊತ್ತಾಗಲಿಲ್ಲ. ಯಾಕೆ ಹೋಯಿತು? ನೀನೇ ಹೇಳು."

ಪರದೆಯ ಮೇಷ್ಟ್ರು ಸುಮ್ಮನಾದರು. ಕಾದರು. ಅಂಗಡಿಯೂ ಸುಮ್ಮನಾಯಿತು. ಅವರು ಮತ್ತೂ ಕಾಯುತ್ತಲೇ ಇದ್ದರು. ಆ ನೋಟ ತಡೆಯಲಾರದೆ ಮಲ್ಲಾಜಮ್ಮ ಪರದೆಗೇ ಉತ್ತರ ಕೊಟ್ಟರು. "ಬಿಸಿ ತಡೀನಾರ್ದೆ ಓಯ್ತು, ಇನ್ಯಾಕೆ?"

"ಭೇಷ್!" ಅಂದರು ಪರದೆಯ ಮೇಷ್ಟ್ರು. "ನನಗೊತ್ತಿತ್ತು ನೀನು ಹೇಳ್ತೀಯ ಅಂತ."

ಮಲ್ಲಾಜಮ್ಮನಿಗೆ ಯಾವ ಮೇಷ್ಟ್ರೂ ಜೀವಮಾನದಲ್ಲಿ ಭೇಷ್ ಅಂದಿರಲಿಲ್ಲ. ಸೆರಗು ಸರಿ ಮಾಡಿಕೊಂಡು ಸ್ಟೂಲಿನ ಮೇಲೆ ಕುಳಿತರು. ಮುಂದಿನ ಪ್ರಶ್ನೆಗೆ ಸಣ್ಣಬೀರಯ್ಯ, ವೀರಮ್ಮ ಇಬ್ಬರೂ ಒಟ್ಟಿಗೇ ಬಾಯಿ ಹಾಕಿದರು, ಇಬ್ಬರದೂ ತಪ್ಪಾಯಿತು. ಬಾಗಿಲಲ್ಲಿದ್ದ ಷಣ್ಮುಖಪ್ಪನವರು ತಡೆಯಲಾರದೆ ಸರಿಯುತ್ತರ ಕೂಗಿ, ಭೇಷ್ ಅನ್ನಿಸಿಕೊಂಡು ನಾಚಿದರು. ಪಾಠ ಮುಗಿದಾಗ ಗುಂಪಿನಲ್ಲಿ ಯಾರೂ ಮಾಟದ ಮಾತೆತ್ತಲಿಲ್ಲ. ವೀರಮ್ಮ ಮೂಗು ಸೀಟಿದಳು. ಸಣ್ಣಬೀರಯ್ಯ ಮಾತ್ರ, "ನೀರಿನ್ ಇಚಾರ್ದಲ್ಲಿ ಇಷ್ಟೊಂದು ಸಂಕ್ಟ ಅದೆ ಅಂತ ಗೊತ್ತಿರ್ಲಿಲ್ಲ ಕಣ್ರೀ" ಎಂದು, ಅದರದೊಂದು ಸಿ.ಡಿ. ಮಾಡಿಸಿಕೊಂಡು ಟವೆಲಿನಲ್ಲಿ ಸುತ್ತಿ ಹನಗೋಡಿಗೆ ಒಯ್ದರು.

ಮೈಸೂರಿನ ಸಂಸ್ಥೆಗೂ ಒಂದು ಸಿ.ಡಿ. ಹೋಯಿತು. ಪಾಠ ಅಪರೂಪವಾಗಿದೆ ಎಂದು ಮೆಚ್ಚಿದರು. ಆದರೆ ನಡುನಡುವೆ ಮೇಷ್ಟ್ರು ಸುಮ್ಮನೆ ಕೂತಿರುವುದು ಬಹಳವಾಯಿತೆಂದು ಯಾರೋ ಮೇಲಿನವರಿಗೆ ಅನ್ನಿಸಿತಂತೆ. ಶಶಿ ಎಷ್ಟು ಹೇಳಿದರೂ ಕೇಳದೆ ಅಷ್ಟನ್ನೂ ಕತ್ತರಿಸಿದರು. ಹೀಗಾಗಿ ಇಂಟರ್ನೆಟ್ಟಿಗೆ ಹೋದ ಜಲಚಕ್ರದಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿ, ಉಸಿರು ಬಿಡುವುದರೊಳಗೆ ತಾವೇ ಭೇಷ್ ಎಂದು ಮುಂದಕ್ಕೋಡುತ್ತಾರೆ. ಅವರು ಎಷ್ಟು ಕಾದರೆಂಬುದು ಪೂರ್ತಿ ಉಳಿದದ್ದು ಹನಗೋಡಿಗೆ ಹೋದ ಸಿ.ಡಿ.ಯಲ್ಲಿ ಮಾತ್ರ.

ಅಲ್ಲಿಂದ ಕರೆ ಬಂತು. ಭಾನುವಾರ ಬರಬೇಕಂತೆ ಎಂದು. ಮೇಷ್ಟ್ರು ಹೋದರು. ರಾಣಿ ಜಗಲಿಯ ಮೇಲೆ ಚಾಪೆ ಹಾಕಿ ಕಾಫಿ ಕೊಟ್ಟಳು. ಸ್ವಲ್ಪ ಇಳಿದಿದ್ದಳು. ಮೇಷ್ಟ್ರ ಬಾಯಿಗೆ ಸಾವಿರ ಮಾತು ಬಂದವು. ಹೇಗೋ ಎಲ್ಲವನ್ನೂ ಹಿಂದಕ್ಕೆ ನೂಕಿ ಒಂದನ್ನು ಮಾತ್ರ ಹೊರಗೆ ಬಿಟ್ಟರು.

"ಯಾಕೆ ಬಂದೆ ರಾಣಿ?"

ಆಮೇಲೆ ಕಾದರು. ಎದುರಿಗೆ ಫೋಟೋ ಇದ್ದಾಗ ಕಾಯುವುದಕ್ಕೂ ಮನುಷ್ಯರೇ ಇದ್ದಾಗ ಕಾಯುವುದಕ್ಕೂ ಬಹಳ ವ್ಯತ್ಯಾಸವಿತ್ತು. ಫೋಟೋ ಇವರನ್ನು ತಿರುಗಿ ನೋಡುತ್ತಿರಲಿಲ್ಲ. ಕಾಫಿ ಆರಿತು. ಅದು ಯಾಕೆ ಆರಿತೆಂದು ಅವರು ಹೇಳಲಿಲ್ಲ.

"ಟೀವಿಲಿ ನೀವು ಸುಮ್ಕೆ ಕೂತಿರೋದ್ ನೋಡ್ದೆ" ಅಂದಳು ರಾಣಿ. "ಮದ್ವೆ ಆದಾಗ್ನಿಂದ ಒಂದ್ ದಿನಾನೂ ನೋಡಿರ್ಲಿಲ್ಲ. ಅಪ್ಪ ಅವ್ವ ಮನಗಿದ್ ಮೇಲೆ ಇನ್ನೊಂದ್ ಸಲ ಹಾಕಂಡ್ ನೋಡ್ದೆ."

ಮೇಷ್ಟ್ರು ಆರಿದ ಕಾಫಿಯನ್ನು ಕೈಗೆತ್ತಿಕೊಂಡರು.

"ನಾನು ಪಿಯುಸಿ ಪರೀಕ್ಷೆ ಕಟ್ಟಿವ್ನಿ ಕಣ್ರೀ. ಪ್ರೈವೇಟಾಗಿ. ಅವತ್ತು ಡ್ಯಾಮ್ ಹತ್ರ ಅದನ್ನೇ ಹೇಳಕ್ ಬಂದಿದ್ದು."

"ಅಯ್ಯೋ, ಮನೆಯಲ್ಲಿ ಮೇಷ್ಟ್ರನ್ನೇ ಇಟ್ಕೊಂಡು ಇಲ್ಲಿಗೆ ಬಂದು ಓದ್ತಿದ್ದೀಯಾ?"

"ಅದ್ಕೇ ಬಂದಿದ್ದು" ಅಂದಳು ರಾಣಿ. "ನಿಮ್ ಮುಂದೆ ಪುಸ್ತಕ ತೆಗುದ್ರೆ ನೀವು ಓದ್ಕೊಡ್ತೀರ. ನಂಗೆ ನಾನೇ ಓದ್ಬೇಕು. ತಪ್ಪಾದ್ರೂ ನಂದೇ ತಪ್ಪಾಗ್ಬೇಕು."

"ಯಾವ ವಿಷಯ ತಗೊಂಡಿದ್ದೀಯ?"

"ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. ವಿಜ್ಞಾನ ಇರೋ ಕಡಿಕೇ ಓಗಿಲ್ಲ."

ಇದು ಲಿಂಗರಾಜು ಮೇಷ್ಟ್ರಿಗೆ ಆಮೇಲೆ ಕಿವಿಗೆ ಬಿದ್ದಿದ್ದ ಕೇರಳದ ನರ್ಸಿನ ಸುದ್ದಿಗಿಂತ ಹೆಚ್ಚು ನೋವು ಕೊಟ್ಟಿತು. ಆದರೂ ತಲೆಯಾಡಿಸಿದರು. ಪರೀಕ್ಷೆ ಮುಗಿಯುವವರೆಗೂ ತಾನು ಬರುವುದಿಲ್ಲ, ಭಾನುವಾರ ಬೇಕಾದರೆ ನೀವೇ ಬನ್ನಿ ಎಂದಳು ರಾಣಿ. ಪರೀಕ್ಷೆ ಬೇಸಿಗೆಗೆ. ಅದಿನ್ನೂ ಕಾರ್ತಿಕ.

ಅಂದಿನಿಂದ ಮೇಷ್ಟ್ರ ವಾರದಲ್ಲಿ ಭಾನುವಾರ ಬಿಟ್ಟು ಉಳಿದ ದಿನಗಳು ಲೆಕ್ಕಕ್ಕಿಲ್ಲದಂತಾದವು. ಭಾನುವಾರ ಮಲ್ಲಿಗೆ ಹಿಡಿದು ಹನಗೋಡಿಗೆ ಹೋಗುವರು, ಜಗಲಿಯಲ್ಲಿ ಕೂರುವರು. ರಾಣಿ ಒಳಗೆ ಗಟ್ಟಿಯಾಗಿ ಓದಿಕೊಳ್ಳುವುದು ಕೇಳಿಸುತ್ತಿತ್ತು. ಎಲ್ಲಾದರೂ ತಡವರಿಸಿದರೆ ಇವರ ಕಾಲಿನ ಹೆಬ್ಬೆರಳು ತಾನೇ ತಾನಾಗಿ ನೆಲ ಕೆರೆಯುತ್ತಿತ್ತು. ಒಮ್ಮೊಮ್ಮೆ ಅವಳು ಬಾಗಿಲಿಗೆ ಬಂದು ಒಂದು ಸಂದೇಹ ಕೇಳುತ್ತಿದ್ದಳು. ಮೇಷ್ಟ್ರು ಒಂದು ವಾಕ್ಯದಲ್ಲಿ ಹೇಳಿ ನಿಲ್ಲಿಸುತ್ತಿದ್ದರು.

"ಅಷ್ಟೇನಾ?" ಅನ್ನುತ್ತಿದ್ದಳು ರಾಣಿ, ನಂಬಲಾರದೆ.

"ಅಷ್ಟೇ" ಅನ್ನುತ್ತಿದ್ದರು ಮೇಷ್ಟ್ರು. ಮಿಕ್ಕಿದ್ದನ್ನು ಹನಗೋಡಿನಿಂದ ಹುಣಸೂರಿನವರೆಗೆ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿ ತೀರಿಸಿಕೊಳ್ಳುತ್ತಿದ್ದರು. ಆ ದಾರಿಯ ಪ್ರಯಾಣಿಕರು ಆ ವರ್ಷ ಅರ್ಥಶಾಸ್ತ್ರದಲ್ಲಿ ಒಳ್ಳೆಯ ಪ್ರಗತಿ ಸಾಧಿಸಿದರು.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ರಾಣಿ ಬಸ್‌ಸ್ಟಾಪಿನವರೆಗೂ ಜೊತೆಗೆ ಬಂದಳು. ಲಕ್ಷ್ಮಣತೀರ್ಥದ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅವಳು ದಾರಿಯುದ್ದಕ್ಕೂ ಮಾತಾಡಿದಳು. ಓದಿದ್ದು, ಮರೆತದ್ದು, ಅವ್ವ ತನಗೆ ದೃಷ್ಟಿ ತೆಗೆದದ್ದು, ಪಾಸಾದರೆ ಮುಂದೇನು ಮಾಡಬೇಕೆಂದಿರುವುದು. ಮೇಷ್ಟ್ರು ಹೂಂಗುಟ್ಟುತ್ತ ನಡೆದರು. ಇವಳ ತಲೆಯಲ್ಲಿ ಇಷ್ಟೆಲ್ಲ ಇತ್ತೇ ಎಂದು ಅವರಿಗೆ ಆಶ್ಚರ್ಯ.

ಹುಣಸೂರಿನ ಬಸ್ಸು ದೂಳೆಬ್ಬಿಸುತ್ತ ಬಂದು ನಿಂತಿತು. ಮೇಷ್ಟ್ರು ಮೆಟ್ಟಿಲ ಮೇಲೆ ಕಾಲಿಟ್ಟರು. ರಾಣಿಯ ಮಾತು ಅರ್ಧಕ್ಕೆ ನಿಂತಿತ್ತು. ಅವಳು ಬಸ್ಸಿನ ಚಕ್ರ ನೋಡುತ್ತ ಅಂದಳು.

"ಮುಂದಿನ ಬಸ್ಸಿಗೋಗಿ."

ಅದಾದ ಮೇಲೆ ಆ ದಿನಕ್ಕೆ ಹುಣಸೂರಿಗೆ ಬಸ್ಸೇ ಇರಲಿಲ್ಲ. ವಾರವಾರ ಓಡಾಡಿದ್ದ ಮೇಷ್ಟ್ರಿಗೆ ಅದು ಚೆನ್ನಾಗಿ ಗೊತ್ತಿತ್ತು. ಅಲ್ಲೇ ಹುಟ್ಟಿ ಬೆಳೆದ ರಾಣಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಆ ಬಸ್ಸು ಯಾಕಿಲ್ಲ, ಯಾವಾಗ ನಿಲ್ಲಿಸಿದರು, ಭಾನುವಾರ ಅದರ ಬದಲು ಏನು ವ್ಯವಸ್ಥೆ ಎಂಬುದನ್ನೆಲ್ಲ ವಿವರಿಸಲು ಮೇಷ್ಟ್ರು ಬಾಯಿ ತೆರೆದರು.

ಮುಚ್ಚಿದರು. ಕಾಲು ಕೆಳಗಿಟ್ಟು, ಹೋಗು ಎಂದು ಕಂಡಕ್ಟರಿಗೆ ಕೈ ಸನ್ನೆ ಮಾಡಿದರು.

"ಹೂಂ, ಆಮೇಲೆ?" ಅಂದರು ರಾಣಿಗೆ.